ಬಣ್ಣಕ್ಕಿಂತ ಮೊದಲು ಪತ್ರಾ ಬಿಚ್ಚಿಸಿ: ಹಳೇ ಕ್ಯಾರವಾನ್ ರಿಪೇರಿಗೆ ಕೊಡುವವರಿಗೆ

ಹಳೇ ಕ್ಯಾರವಾನ್ ಒಂದು ಸಿಕ್ಕರೆ ರಿಪೇರಿ ಮಾಡಿಸಿ ಮನೆಮಂದಿಯೆಲ್ಲ ತಿರುಗಾಡಬಹುದು ಅಂತ ಲೆಕ್ಕ ಹಾಕುತ್ತಿರುವವರು ಇದನ್ನು ಓದಿ. ನಾನು ಹೇಳುವುದು ಇಷ್ಟೇ: ಒಳಗಿನ ಕಟ್ಟಿಗೆ ಚೌಕಟ್ಟನ್ನು ಕಣ್ಣಾರೆ ನೋಡುವ ತನಕ ಬಣ್ಣಕ್ಕೆ ಅಂತ ಒಂದು ರೂಪಾಯಿಯನ್ನೂ ಕೊಡಬೇಡಿ. ಬೆಳಗಾವಿಯ ಒಂದು ಬಾಡಿ ಶೆಡ್ಡಿನವರು ನಮಗೆ ಮಾಡಿಕೊಟ್ಟ ಕೆಲಸ ನೋಡಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ. ಶೆಡ್ಡಿನ ಹೆಸರು ಹಾಕುವುದಿಲ್ಲ, ಕೇಳಬೇಡಿ. ಇಂಥ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ.

ನಮ್ಮದು ಎರಡು ಗಾಲಿಯ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನ್. ಎಂಬತ್ತರ ದಶಕದಲ್ಲಿ ಯಾರೋ ಗುತ್ತಿಗೆದಾರರು ಸೈಟಿನಲ್ಲಿ ವಸ್ತಿ ಇರಲಿಕ್ಕೆ ಮಾಡಿಸಿದ್ದಂತೆ. ಕಬ್ಬಿಣದ ಚೆಸ್ಸಿ, ಅದರ ಮೇಲೆ ಕಟ್ಟಿಗೆ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ಪತ್ರಾ (ತಗಡು), ಒಳಗೆ ಪ್ಲೈವುಡ್. ಖಾನಾಪುರ ತಾಲೂಕಿನ ಒಂದು ತೋಟದಲ್ಲಿ ಮಾವಿನ ಗಿಡದ ಕೆಳಗೆ ವರ್ಷಗಟ್ಟಲೆ ನಿಂತಿತ್ತು. ಖಾನಾಪುರದ ಮಳೆ ಗೊತ್ತಿದ್ದವರಿಗೆ ಮುಂದಿನ ಕಥೆ ಅರ್ಧ ಗೊತ್ತಾದಂತೆಯೇ.

ಶೆಡ್ಡಿಗೆ ಒಯ್ದಾಗ ಮಾಲೀಕರು ಸುತ್ತ ಒಂದು ರೌಂಡ್ ಹಾಕಿ, ಪತ್ರಾ ಮೇಲೆ ಅಂಗೈ ಬಡಿದು, "ಟೆನ್ಶನ್ ತಗೋಬ್ಯಾಡ್ರಿ ಸರ, ಶೋರೂಮ್ ಗಾಡಿ ಮಾಡಿ ಕೊಡ್ತೇವಿ" ಅಂದರು. ಒಳಗಿನ ಚೌಕಟ್ಟಿನ ಬಗ್ಗೆ ನಾನು ಕೇಳಿದ್ದೆ. "ಅದೆಲ್ಲಾ ನೋಡೇವ್ರಿ, ಗಟ್ಟಿ ಐತಿ" ಎಂದರು. ಬಿಚ್ಚದೆ ಹೇಗೆ ನೋಡಿದಿರಿ ಎಂದರೆ, "ಬಡದು ನೋಡಿದ್ರ ಸಪ್ಪಳದಾಗ ಗೊತ್ತಾಗ್ತದ್ರಿ, ಇಷ್ಟ್ ವರ್ಷ ಇದನ್ನ ಮಾಡೇವಿ" ಎಂಬ ಉತ್ತರ. ಅಡ್ವಾನ್ಸ್ ತಗೊಂಡರು, ಒಂದು ಚೀಟಿಯ ಮೇಲೆ "ಡೆಂಟಿಂಗ್, ಪೇಂಟಿಂಗ್, ಫ್ಲೋರಿಂಗ್, ವೈರಿಂಗ್" ಎಂದು ನಾಲ್ಕು ಪದ ಬರೆದು ಕೊಟ್ಟರು. ಯಾವ ಪ್ಲೈ, ಯಾವ ವಯರು, ಜೋಡು ಮುಚ್ಚಲಿಕ್ಕೆ ಯಾವ ಸೀಲಂಟ್, ಏನೂ ಇಲ್ಲ.

ಗಾಡಿ ಬಂದಾಗ ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಕೆನೆ ಬಣ್ಣ, ನಡುವೆ ಹಸಿರು ಪಟ್ಟಿ. ಓಣಿಯ ಹುಡುಗರು ನಿಂತು ಸೆಲ್ಫಿ ತಗೊಂಡರು. ಆಷಾಢದ ಜಡಿಮಳೆಯಲ್ಲಿ ಜಾಂಬೋಟಿ ಕಡೆ ಒಯ್ದೆವು ನೋಡಿ, ಅಲ್ಲಿ ರಾತ್ರಿ ಮೂಲೆಮೂಲೆಯಿಂದ ನೀರು. ಮೇಲಿನಿಂದ ಹನಿ ಬಿದ್ದಿದ್ದರೆ ಪಾತ್ರೆ ಇಟ್ಟು ಸುಧಾರಿಸಬಹುದಿತ್ತು. ಇದು ಗೋಡೆಯೊಳಗಿಂದ ಇಳಿದು ಹಾಸಿಗೆಯ ಕೆಳಗೆ ಬಂದು ನಿಂತಿತ್ತು.

ವಾಪಸ್ ಬಂದ ಮೇಲೆ ನಮ್ಮ ಓಣಿಯ ಕಾಕಾ ಒಬ್ಬರನ್ನು ಕರೆದೆ. ಸಾರಿಗೆ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಬಸ್ಸಿನ ಬಾಡಿ ಕೆಲಸ ಮಾಡಿ ನಿವೃತ್ತರಾದವರು. ಅವರು ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಕಿಡಕಿಯ ಕೆಳಗೆ, ಹಿಂದಿನ ದೀಪದ ಕೆಳಗೆ, ಬಾಗಿಲ ಹೊಸ್ತಿಲ ಬಳಿ ಬೆರಳಿನಿಂದ ಒತ್ತುತ್ತ ಹೋದರು. ಆಮೇಲೆ ಮೂಲೆಯ ಜೋಡು ಮುಚ್ಚುವ ಬೀಡಿಂಗ್ ಪಟ್ಟಿಯ ಸ್ಕ್ರೂ ಒಂದನ್ನು ಬಿಚ್ಚಲು ಹೋದರೆ ಅದು ತಿರುಗಲೇ ಇಲ್ಲ, ಉಗುರಿನಿಂದ ಎಳೆದರೆ ಹಾಗೇ ಕೈಗೆ ಬಂತು. ಹಿಡಿಯಲಿಕ್ಕೆ ಒಳಗೆ ಕಟ್ಟಿಗೆಯೇ ಇರಲಿಲ್ಲ. ಪತ್ರಾದ ಕೆಳ ಅಂಚು ಎತ್ತಿದಾಗ ಕಪ್ಪಗಿನ ಹಸಿ ಪುಡಿ ಉದುರಿತು. "ತಮ್ಮಾ, ಒಳಗ ಬರೇ ಬೂಸಾ ಐತಿ ಇದು" ಎಂದರು ಕಾಕಾ. ಲಡ್ಡಾದ ಆ ಜಾಗಕ್ಕೆ ಶೆಡ್ಡಿನವರು ಪುಟ್ಟಿ ತುಂಬಿ, ಮೇಲೆ ಸ್ಪ್ರೇ ಹೊಡೆದಿದ್ದರು. ಅಂದರೆ ಅವರು ನೋಡಿಲ್ಲ ಅಂತಲ್ಲ, ನೋಡಿಯೇ ಮುಚ್ಚಿದ್ದಾರೆ. ನನ್ನ ಸಿಟ್ಟು ಇರುವುದು ಇದರ ಮೇಲೆಯೇ.

ಇಂಥ ಗಾಡಿಗಳಲ್ಲಿ ನೀರು ಒಳಗೆ ಹೋಗುವುದು ಮಾಡಿನ ಜೋಡಿನಲ್ಲಿ, ಕಿಡಕಿ ಚೌಕಟ್ಟಿನ ಸುತ್ತ, ದೀಪ ಕೂರಿಸಿದ ತೂತಿನಲ್ಲಿ. ಹೋದ ನೀರು ಪತ್ರಾದ ಹಿಂದೆ ಇಳಿದು ಕೆಳಗಿನ ಅಡ್ಡಪಟ್ಟಿಯಲ್ಲಿ ನಿಲ್ಲುತ್ತದೆ. ಹೀಗಾಗಿ ಸೋರುವುದು ಮೇಲೆ, ಕೊಳೆಯುವುದು ಕೆಳಗೆ. ಅಮೆರಿಕದ ಹೆಸರುವಾಸಿ ಏರ್‌ಸ್ಟ್ರೀಮ್ ಟ್ರೇಲರುಗಳ ಗೋಡೆಯಲ್ಲಿ ಕಟ್ಟಿಗೆಯೇ ಇಲ್ಲ. 1936ರ ಕ್ಲಿಪ್ಪರ್ ಮಾದರಿಯಿಂದಲೂ ಅಲ್ಯೂಮಿನಿಯಂ ಪತ್ರಾಗಳನ್ನು ರಿವೆಟ್ ಹೊಡೆದು ಕೂಡಿಸಿದ ಬಾಡಿ. ಆದರೂ ಹಳೇ ಏರ್‌ಸ್ಟ್ರೀಮ್ ಕೊಳ್ಳುವವರು ಮೊದಲು ನೋಡುವುದು ಹಿಂದಿನ ಅಂಚಿನ ಪ್ಲೈವುಡ್ ನೆಲವನ್ನೇ. ಗೋಡೆ ನೆಲಕ್ಕೆ ಕೂಡುವ ಆ ಸಾಲಿನಲ್ಲಿ ನೀರು ಕೂತು ನೆಲ ಕೊಳೆತು, ಬಾಡಿಯ ಹಿಂಭಾಗ ಚೆಸ್ಸಿಯಿಂದ ಬಿಟ್ಟುಕೊಳ್ಳುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ರೋಗ.

ಜೋಡುಗಳಿಗೆ ನಮ್ಮ ಶೆಡ್ಡಿನವರು ಮಾಡಿದ್ದು ಬಾತ್‌ರೂಮಿಗೆ ಹಚ್ಚುವ ಸಿಲಿಕಾನ್ ಅನ್ನು ಹಳೇ ಪೇಸ್ಟಿನ ಮೇಲೆಯೇ ಬಳಿದದ್ದು. ಸರಿಯಾದ ಕೆಲಸವೆಂದರೆ ಬೀಡಿಂಗ್ ಪಟ್ಟಿ ಪೂರ್ತಿ ಬಿಚ್ಚಿ, ಹಳೇ ಅಂಟನ್ನೆಲ್ಲ ಕೆರೆದು, ರಬ್ಬರಿನಂಥ ಅಂಟಿನ ಬ್ಯೂಟೈಲ್ ಟೇಪ್ ಹಾಕಿ ಮತ್ತೆ ಬಿಗಿಯುವುದು. ಈ ಟೇಪ್ ಒಣಗಿ ಗಟ್ಟಿಯಾಗುವುದಿಲ್ಲ, ಗಾಡಿ ಅಲುಗಾಡಿದಂತೆ ತಾನೂ ಜಗ್ಗುತ್ತದೆ. ಸಿಲಿಕಾನ್ ಒಮ್ಮೆ ಬಳಿದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲಂಟೂ ಹಿಡಿಯುವುದಿಲ್ಲ. ಈಗ ಅದನ್ನು ಕೆರೆಯುವ ಕೂಲಿಯೇ ದೊಡ್ಡದಾಗಿದೆ. ಸ್ಕ್ರೂಗಳೂ ಸಾದಾ ಕಬ್ಬಿಣದವು. ಅಲ್ಯೂಮಿನಿಯಂಗೆ ಕಬ್ಬಿಣ ತಾಗಿ ನಡುವೆ ಮಳೆನೀರು ಸೇರಿದರೆ ಮೊದಲು ಸವೆಯುವುದು ಅಲ್ಯೂಮಿನಿಯಮ್ಮೇ. ತೂತಿನ ಸುತ್ತ ಬಿಳಿ ಪುಡಿ ಕಂಡರೆ ಅದೇ.

ನೆಲಕ್ಕೆ ಹಾಕಿದ "ವಾಟರ್‌ಪ್ರೂಫ್" ಪ್ಲೈ ತಿರುಗಿಸಿ ನೋಡಿದರೆ ಐಎಸ್ (ಭಾರತೀಯ ಮಾನಕ) 303 ಮುದ್ರೆ, ಎಂಆರ್ ಗ್ರೇಡ್, ಅಂದರೆ ತೇವ ತಡೆಯುವಷ್ಟೇ. ಅದು ಮನೆಯೊಳಗಿನ ಕಪಾಟಿಗೆ ಸರಿ. ಇಲ್ಲಿ ಬೇಕಾದದ್ದು ಐಎಸ್ 710, ಮರೈನ್ ಪ್ಲೈ, 72 ತಾಸು ಕುದಿಸಿದರೂ ಪದರ ಬಿಡಬಾರದೆಂಬ ಪರೀಕ್ಷೆ ಅದಕ್ಕಿದೆ. ಹಾಳೆ ಕತ್ತರಿಸುವ ಮೊದಲೇ ಮುದ್ರೆಯ ಫೋಟೊ ತೆಗೆದಿಟ್ಟುಕೊಳ್ಳಿ, ನೆಲಕ್ಕೆ ಮೊಳೆ ಹೊಡೆದ ಮೇಲೆ ಕಾಣುವುದಿಲ್ಲ.

ಸೋರಿದ್ದು ದುಡ್ಡಿನ ಲುಕ್ಸಾನು. ಜೀವಕ್ಕೆ ಬರಬಹುದಾಗಿದ್ದ ಕೆಲಸಗಳೂ ಇದ್ದವು. ಅಡುಗೆಕಟ್ಟೆಯ ಕೆಳಗೆ ನೆಲದ ಮಟ್ಟದಲ್ಲಿ ಹಳೇ ಮಾಲೀಕರು ಜಾಳಿಗೆಯ ಕಿಂಡಿ ಬಿಟ್ಟಿದ್ದರು. ಶೆಡ್ಡಿನವರು ಅದನ್ನು "ಧೂಳು ಬರ್ತದ್ರಿ" ಎಂದು ಮುಚ್ಚಿಹಾಕಿದ್ದರು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿ ನಿಲ್ಲುತ್ತದೆ. ಆ ಕಿಂಡಿ ಇರುವುದೇ ಅದು ಹೊರಗೆ ಹೋಗಲಿ ಎಂದು. ಮೇಲೆ ಕಿಡಕಿ ತೆರೆದಿಟ್ಟರೆ ಸಾಲದು.

ವೈರಿಂಗಿಗೆ ಮನೆಯಲ್ಲಿ ಬಲ್ಬಿಗೆ ಎಳೆಯುವ ತೆಳ್ಳಗಿನ ವಯರು. 100 ವ್ಯಾಟಿನ ಸಾಮಾನು ಮನೆಯ 230 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ, 12 ವೋಲ್ಟಿನ ಬ್ಯಾಟರಿಯಲ್ಲಿ ಅದೇ ಸಾಮಾನು ಎಂಟು ಆಂಪಿಯರ್ ದಾಟುತ್ತದೆ. ಫ್ರಿಜ್ಜಿನ ವಯರು ಮುಟ್ಟಿದರೆ ಬಿಸಿ. ಫ್ಯೂಸ್ ಇತ್ತು, ಆದರೆ ಸ್ವಿಚ್ ಬೋರ್ಡಿನಲ್ಲಿ. ಬ್ಯಾಟರಿಯಿಂದ ಅಲ್ಲಿಯವರೆಗಿನ ಉದ್ದಕ್ಕೂ ವಯರು ಎಲ್ಲಿ ಉಜ್ಜಿ ಶಾರ್ಟ್ ಆದರೂ ಕೇಳುವವರಿಲ್ಲ. ಮೊದಲ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು.

ಮತ್ತೆ ತೂಕ. ಜಾಗ ಖಾಲಿ ಇದೆ ಎಂದು 200 ಲೀಟರಿನ ನೀರಿನ ಟ್ಯಾಂಕನ್ನೂ ಬ್ಯಾಟರಿಯನ್ನೂ ಗಾಲಿಯ ಹಿಂದೆ ತಂದು ಕೂರಿಸಿದ್ದರು. ತುಂಬಿದರೆ ಟ್ಯಾಂಕ್ ಒಂದೇ ಎರಡು ಕ್ವಿಂಟಲ್. ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಬಾಲ ಅಲ್ಲಾಡಲು ಶುರುಮಾಡುತ್ತದೆ. ಹಿರೇಬಾಗೇವಾಡಿ ಟೋಲ್ ದಾಟಿ ಕಿತ್ತೂರ ಕಡೆ ಹೋಗುವಾಗ ಲಾರಿಯೊಂದು ಬಾಜೂಕ ಭರ್ರನೆ ಹೋಯಿತು, ಹಿಂದಿನ ಕ್ಯಾರವಾನ್ ಎಡಕ್ಕೆ ಬಲಕ್ಕೆ ತೂಗಾಡಿ ನಮ್ಮ ಬೊಲೆರೊವನ್ನೇ ಎಳೆದಾಡತೊಡಗಿತು. ಸ್ಟೇರಿಂಗ್ ಹಿಡಿದಿದ್ದ ನನ್ನ ಭಾವ ಹಳೇ ಟ್ರ್ಯಾಕ್ಟರ್ ಟ್ರೇಲರ್ ಹೊಡೆದವನು, ಬ್ರೇಕ್ ಒತ್ತಲಿಲ್ಲ. ಎಕ್ಸಲರೇಟರ್ ಬಿಟ್ಟು ಸ್ಟೇರಿಂಗ್ ನೆಟ್ಟಗೆ ಹಿಡಿದ. ಆ ಹೊತ್ತಿನಲ್ಲಿ ಯಾರಾದರೂ ಗಾಬರಿಯಾಗಿ ಬ್ರೇಕ್ ಒತ್ತಿದ್ದರೆ ಮಡಚಿಕೊಂಡು ಬೀಳುತ್ತಿತ್ತು. ಒಟ್ಟು ತೂಕಕ್ಕೆ ವೇಬ್ರಿಜ್ ಇದೆ, ಕೊಂಡಿಯ ತೂಕಕ್ಕೆ ಅಡತಿ ಅಂಗಡಿಯ ಕಾಟಾ ಸಾಕು. ಸಾಮಾನು, ನೀರು ತುಂಬಿಯೇ ತೂಗಿಸಿ.

ಟೈರಿನ ಕಡೆಯೂ ಒಂದು ಮಾತು. "ಬಟನ್ ಪೂರಾ ಅದಾವ್ರಿ" ಎಂದು ಹಳೇ ಟೈರನ್ನೇ ಕಪ್ಪು ಬಳಿದು ಬಿಟ್ಟಿದ್ದರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 3512 ಎಂದಿದ್ದರೆ 2012ರ 35ನೇ ವಾರದ್ದು. ನಿಂತ ಗಾಡಿಯ ಟೈರು ಸವೆಯುವುದಿಲ್ಲ, ಆದರೆ ರಬ್ಬರ್ ಸೀಳುತ್ತದೆ.

ಕಾಗದಪತ್ರದ ವಿಷಯದಲ್ಲಿ ಶೆಡ್ಡಿನವರ ಮಾತು ನಂಬಲೇಬೇಡಿ. "ಟ್ರೇಲರಿಗೆ ಏನೂ ಬೇಕಾಗೂದಿಲ್ರಿ, ಮುಂದಿನ ಗಾಡೀದ ಆರ್‌ಸಿ ನಡೀತದ" ಎಂದಿದ್ದರು. ನಡೆಯುವುದಿಲ್ಲ. ಟ್ರೇಲರಿಗೆ ಅದರದೇ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ಉದ್ದ ಹೆಚ್ಚಿಸುವುದು, ಆಕ್ಸಲ್ ಬದಲಿಸುವುದು ಇಂಥವಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೇ ಕೇಳಿ. ಆರ್‌ಸಿಯೇ ಇಲ್ಲದ ಕ್ಯಾರವಾನ್ ಅಗ್ಗಕ್ಕೆ ಸಿಕ್ಕರೆ ತೋಟದಲ್ಲಿ ಕೋಣೆ ಮಾಡಿಕೊಳ್ಳಬಹುದು, ರಸ್ತೆಗೆ ಅಲ್ಲ.

ಕೆಲಸಕ್ಕೆ ಕೊಡುವುದೇ ಆದರೆ ಹಂತಹಂತವಾಗಿ ಕೊಡಿ. ಮೊದಲು ಬಿಚ್ಚುವ ಕೂಲಿ ಅಷ್ಟೇ. ಬಿಚ್ಚಿದ್ದನ್ನು ನೋಡಿ ಬಂದು ಆಮೇಲೆ ರೇಟು ಮಾತಾಡಿ. ಸಾಮಾನಿನ ಹೆಸರು, ಗ್ರೇಡು ಬರೆದ ಪಕ್ಕಾ ಬಿಲ್ ಕೇಳಿ. ಬಿಲ್ ಎಂದ ಕೂಡಲೇ ಮುಖ ಸಣ್ಣ ಮಾಡುವವರ ಹತ್ತಿರ ಗಾಡಿ ಬಿಡಬೇಡಿ. ಕೆಲಸ ಕೆಟ್ಟರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಾನು ಈಗ ಅದರ ತಯಾರಿಯಲ್ಲೇ ಇದ್ದೇನೆ. ಪುಟ್ಟಿ ತುಂಬಿದ ಮೂಲೆಗಳ ಫೋಟೊ ತೆಗೆದಿಟ್ಟಿದ್ದೇನೆ, ಪ್ಲೈ ಮುದ್ರೆಯದೂ ಇದೆ, ಕಾಕಾ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಶೆಡ್ಡಿನವರು ಮಾತ್ರ ಇನ್ನೂ ಬಾಕಿ ಹಣಕ್ಕೆ ಫೋನ್ ಮಾಡುತ್ತಿದ್ದಾರೆ.