ಹೊಸನಗರ ಕಡೆಯ ಗಾಳದ ಹೋಂಸ್ಟೇ: ಊಟಕ್ಕೆ ಐದು ಸ್ಟಾರ್, ಕೋಡಿಗೆ ಒಂದು

ಹೋದ ಅಕ್ಟೋಬರ್‌ನಲ್ಲಿ ಭಾವನ ಜೊತೆ ಹೊಸನಗರ ಕಡೆಯ ಒಂದು ಹೋಂಸ್ಟೇಗೆ ಹೋಗಿದ್ದೆ. ಹೆಸರು ಬರೆಯುವುದಿಲ್ಲ. ಮನೆಯವರು ಒಳ್ಳೆಯವರು, ಹೊಟ್ಟೆಪಾಡು ಅವರದೂ ಇದೆ. ಶರಾವತಿ ಹಿನ್ನೀರು ಅಲ್ಲಿಂದ ಕೂಗಳತೆ ದೂರ. ಆದರೆ ಗಾಳ ಹಾಕುವುದು ಹಿನ್ನೀರಿನಲ್ಲಲ್ಲ, ತೋಟದ ಕೆಳಗೆ ಅವರೇ ತೋಡಿಸಿದ ಕೆರೆಯಲ್ಲಿ. ರೂಮು, ಊಟ, ಗಾಳದ ಕೋಲು ಸೇರಿ ಒಬ್ಬರಿಗೆ 2,200 ರೂಪಾಯಿ.

ಊಟದ ಬಗ್ಗೆ ಮಾತಿಲ್ಲ. ಕಡುಬು, ಕೋಳಿಸಾರು, ಅಪ್ಪೆಮಿಡಿ. ಭಾವ ಮೂರನೇ ಸಲ ಸಾರು ಹಾಕಿಸಿಕೊಂಡಾಗ ನನಗೇ ನಾಚಿಕೆಯಾಯಿತು. ರೂಮಿನಲ್ಲಿ ಬಿಸಿನೀರಿಗೆ ಸ್ವಲ್ಪ ಕಾಯಬೇಕು, ಅಷ್ಟೇ.

ಗಾಳದ ವ್ಯವಸ್ಥೆಯೂ ಚೆನ್ನಾಗಿದೆ. ಕೊಕ್ಕೆಗೆ ಹಿಮ್ಮುಳ್ಳಿಲ್ಲ, ಹಾಗಾಗಿ ಮೀನಿನ ಬಾಯಿ ಹರಿಯದೆ ಬಿಡಿಸಬಹುದು. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಬೇಕು ಎಂದು ಅಲ್ಲಿನ ಹುಡುಗ ಮೊದಲೇ ಹೇಳಿಕೊಟ್ಟ. ಹಿಟ್ಟಿನ ಉಂಡೆಗೆ ಒಂದು ಕಾಟ್ಲಾ ಬಿತ್ತು ನೋಡಿ, ಮೂರು ಕಿಲೋ ಇದ್ದಿರಬೇಕು, ಕೈ ನಡುಗಿಹೋಯಿತು. ಫೋಟೋ ತೆಗೆದು ವಾಪಸ್ ಬಿಟ್ಟೆವು. ಆಮೇಲೆ ಸಾಲಾಗಿ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಹತ್ತು, ಹದಿನೈದು. ಅಲ್ಲಿಂದ ನನಗೆ ತಲೆ ಕೆಟ್ಟಿತು.

ಕಾಟ್ಲಾ, ರೋಹು ಎಲ್ಲ ಗಂಗೆ ಕಡೆಯ ಮೀನುಗಳು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ, ಅದಕ್ಕೇ ಕೆರೆಗೆ ಮತ್ತೆ ಮತ್ತೆ ಮರಿ ತಂದು ಬಿಡುವುದು. ಜಿಲೇಬಿ ಹಾಗಲ್ಲ. ಅದು ಮೂಲತಃ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದರು. ತಾಯಿಮೀನು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ವರ್ಷಕ್ಕೆ ಎಷ್ಟೋ ಸಲ ಮರಿ ಮಾಡುತ್ತದೆ, ಪ್ರವಾಹ ಬರಲಿ ಎಂದು ಕಾಯುವುದೇ ಇಲ್ಲ.

ಕೆರೆಯ ಕೋಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. "ಹಳ್ಳಕ್ಕೆ. ಮಳೆಗಾಲದಲ್ಲಿ ನೋಡ್ಬೇಕು ನೀವು, ಏನು ರಭಸ!" ಎಂದರು ಯಜಮಾನರು, ಖುಷಿಯಿಂದ. ಹೋಗಿ ನೋಡಿದೆ. ಜಾಲರಿ ಇಲ್ಲ, ಏನೂ ಇಲ್ಲ, ಎರಡು ಕಲ್ಲು ಅಡ್ಡ ಇಟ್ಟಿದ್ದಾರೆ. ಹಳ್ಳ ನೇರ ಹಿನ್ನೀರಿಗೆ.

ಹಿನ್ನೀರಿನಲ್ಲಿ ಹೇಗೂ ಕಾಟ್ಲಾ, ಜಿಲೇಬಿ ಇವೆಯಲ್ಲ, ಹೊಸದಾಗಿ ಏನು ಕೆಡುತ್ತೆ ಎಂದ ಭಾವ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಅಲ್ಲಿ ಹರಿಯುವ ನೀರೇ ಇಲ್ಲ, ಕಲ್ಲುಸಂದಿ, ಸೆಳೆತ ಬೇಕೆನ್ನುವ ಹೊಳೆಮೀನುಗಳಿಗೆ ಅದು ಮನೆಯಲ್ಲ. ಮರಿ ಬಿಟ್ಟರೇ ಅಲ್ಲಿ ಮೀನುಗಾರರಿಗೆ ಬದುಕು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೊಳೆಮೀನುಗಳು ಉಳಿದಿರುವುದು ಇಂಥ ಹಳ್ಳಗಳಲ್ಲೇ ಅಲ್ವಾ? ಶರಾವತಿಯ ಹೆಸರೇ ಇರುವ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಪುಟ್ಟ ಮೀಸೆಮೀನು ವಿಜ್ಞಾನಕ್ಕೆ ಗೊತ್ತಾದದ್ದೇ 2004ರಲ್ಲಿ. ಮೊದಲ ಮಳೆಗೆ ಹತ್ಮೀನು, ಅಂದರೆ ಮೊಟ್ಟೆ ಇಡಲು ನೀರಿಗೆ ಎದುರಾಗಿ ಹತ್ತಿ ಬರುವ ಮೀನು, ಏರುವುದೂ ಈ ಹಳ್ಳಗಳಿಗೇ. ನಮ್ಮಜ್ಜ ಮೀನು ಹಿಡಿಯುವ ಬಿದಿರಿನ ಕೂಣಿ ಇಡುತ್ತಿದ್ದದ್ದೂ ಇಂಥದ್ದೇ ಜಾಗದಲ್ಲಿ. ಅದೇ ದಾರಿಯ ಬಾಯಲ್ಲಿ ಜಿಲೇಬಿ ಮರಿ ಸುರಿದರೆ ಎಂತ ಮಾಡುವುದು?

ಇನ್ನೊಂದು. ಗೇಟಿನ ಬೋರ್ಡಿನಲ್ಲಿ "ಶೀಘ್ರದಲ್ಲೇ ಮಹಶೀರ್" ಎಂದಿದೆ. ಹೊರಗಿನ ಹ್ಯಾಚರಿಯಿಂದ ಮರಿ ತರಿಸುತ್ತಾರಂತೆ. "ಅಳಿದು ಹೋಗ್ತಿರೋ ಮೀನು, ಬೆಳೆಸಿದ್ರೆ ಪುಣ್ಯ ಅಲ್ವಾ ಮಾರಾಯ್ರೆ?" ಎಂದರು. ಕಾವೇರಿಯ ಕತೆ ಹೇಳಿದೆ. ಲೋನಾವಳಾದ ಹ್ಯಾಚರಿಯಲ್ಲಿ ಬೆಳೆದ ನೀಲಿ ರೆಕ್ಕೆಯ ಮಹಶೀರನ್ನು ಒಳ್ಳೆಯದಾಗಲಿ ಎಂದೇ ಕಾವೇರಿಗೆ ಬಿಟ್ಟರು. ಅದು ಹಬ್ಬಿತು. ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ, ಗೂನು ಬೆನ್ನಿನ ಮಹಶೀರ್ ಮೂಲೆ ಸೇರಿತು. 2018ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದರು. ಯಜಮಾನರು ಸುಮ್ಮನೆ ಕೇಳಿಸಿಕೊಂಡರು, ಬೋರ್ಡು ತೆಗೆಯುವ ಮಾತು ಆಡಲಿಲ್ಲ.

ಮಹಶೀರ್ ನೋಡಲೇಬೇಕು ಎನ್ನುವವರು ಶೃಂಗೇರಿ ಮಠದ ಮೆಟ್ಟಿಲಿಗೋ ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಗೋ ಹೋಗಿ. ತುಂಗೆಯಲ್ಲಿ ಕಾಲ ಬುಡಕ್ಕೇ ಬರುತ್ತವೆ. ಗಾಳ ಮಾತ್ರ ಮನೆಯಲ್ಲಿಟ್ಟು ಹೋಗಿ.

ಹೋಂಸ್ಟೇಗೆ ಹೋಗಬಹುದಾ ಎಂದರೆ, ಹೋಗಿ. ಮಕ್ಕಳಿಗೆ ಗಾಳ ಕಲಿಸಲು ಒಳ್ಳೆಯ ಜಾಗ. ಹಿಡಿದ ಜಿಲೇಬಿಯನ್ನು ಮಾತ್ರ ವಾಪಸ್ ಬಿಡಬೇಡಿ, ಹುರಿದುಕೊಡಿ ಎಂದು ಹಟ ಮಾಡಿ, ಕೊಡುತ್ತಾರೆ. ಹಾಗೇ ಕೋಡಿ ಎಲ್ಲಿ ಎಂದು ಎಲ್ಲರೂ ಒಂದು ಸಲ ಕೇಳಿ.

ಹೋದ ವಾರ ಯಜಮಾನರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು, ಕೋಡಿಗೆ ಜಾಲರಿ ಹಾಕಿಸಿದ್ದಾರೆ. ಪರವಾಗಿಲ್ಲ ಎಂದುಕೊಂಡು ದೊಡ್ಡದು ಮಾಡಿ ನೋಡಿದೆ. ಎರಡು ಬೆರಳು ತೂರುವಷ್ಟು ಕಣ್ಣು. ಜಿಲೇಬಿ ಮರಿ ನನ್ನ ಕಿರುಬೆರಳಿನ ಉಗುರಿನಷ್ಟಿರುತ್ತದೆ. ಅದನ್ನೇ ಬರೆದು ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.