ಸ್ಕೋರ್‌ಬುಕ್ಕು, ರೋಲರು, ಸೀಟಿ: ನೌಕರಿ ಬಿಟ್ಟು ಮೈದಾನಕ್ಕೆ ಬರುವವರಿಗೆ ಯಾವ ದಾರಿ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಕ್ರೀಡೆಯಲ್ಲಿ ಕೆಲಸ ಅಂದ ಕೂಡಲೇ ಜನರ ಬಾಯಿಗೆ ಬರುವುದು ಎರಡೇ. ಒಂದು ಪಿಟಿ ಮೇಷ್ಟ್ರ ಹುದ್ದೆ, ಇನ್ನೊಂದು ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. ಮೊದಲನೆಯದಕ್ಕೆ ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್ ಬೇಕು: ಎರಡು ವರ್ಷ, ನಾಲ್ಕು ಸೆಮಿಸ್ಟರ್, ದಿನಾ ಮೈದಾನದಲ್ಲಿ ಹಾಜರಿ. ಇರುವ ನೌಕರಿ ಉಳಿಸಿಕೊಂಡು ಮುಗಿಸುವ ಕೋರ್ಸ್ ಅದಲ್ಲ. ಎರಡನೆಯದು 2018ರಲ್ಲಿ ಶುರುವಾದ ಸಂಸ್ಥೆ. ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್ ಅಲ್ಲಿನ ಮುಖ್ಯ ಆಟಗಳು. ಅಂಥ ಕಡೆ ಫಿಸಿಯೊ ಆಗಿ ಸೇರುವ ಆಸೆ ಇದ್ದರೆ ಫಿಸಿಯೊಥೆರಪಿಯ ಬಿಪಿಟಿ ಪದವಿ ಬೇಕು, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷಕ್ಕೆ ಕಡಿಮೆ ಇಲ್ಲ. ಮೂವತ್ತು ದಾಟಿ, ಮನೆ ಬಾಡಿಗೆ ಕಟ್ಟುವವರಿಗೆ ಇದು ದೂರದ ಮಾತು. ಆದರೆ ದೊಡ್ಡ ತರಬೇತಿ ಕೇಂದ್ರ ಯಾವುದೇ ಇರಲಿ, ಅದಕ್ಕೆ ಹಾಸ್ಟೆಲ್, ಮೆಸ್, ಸ್ಟೋರ್, ಲೆಕ್ಕಪತ್ರ, ಗಾಡಿ ಎಲ್ಲವೂ ಬೇಕು. ಸ್ಟೋರ್ ಕೀಪರ್ ಆಗಿರುವವರು ಸ್ಟೋರ್ ಕೀಪರ್ ಆಗಿಯೇ ಕ್ರೀಡಾ ಸಂಸ್ಥೆ ಸೇರಬಹುದು. ಉದ್ಯೋಗ ಅದೇ, ಅಂಗಳ ಬೇರೆ. ಈ ದಾರಿ ಯಾಕೋ ಯಾರ ತಲೆಗೂ ಹೊಳೆಯುವುದಿಲ್ಲ.

ಇಲ್ಲಿ ಹೋಲಿಸುತ್ತಿರುವುದು ಭಾನುವಾರದಿಂದ ಶುರು ಮಾಡಬಹುದಾದ ಮೂರು ಕೆಲಸಗಳನ್ನು: ಸ್ಕೋರಿಂಗ್ ಮತ್ತು ಅಂಪೈರಿಂಗ್, ಪಿಚ್ ತಯಾರಿ, ಮಕ್ಕಳ ಕೋಚಿಂಗ್. ಮೂರನ್ನೂ ಕೈಯಾರೆ ಮಾಡಿ ನೋಡಿದ ಮೇಲಿನ ಮಾತು ಇದು. ಆಟದ ಮೇಲೆ ಪ್ರೀತಿ ಎಷ್ಟಿದೆ ಅನ್ನುವುದನ್ನು ಇಲ್ಲಿ ಅಳೆದಿಲ್ಲ. ಅದು ಮೂರು ಕಡೆಯೂ ಒಂದೇ ಸಮ ಸವೆಯುತ್ತದೆ. ಅಳೆದಿದ್ದು ದುಡ್ಡು ಯಾವಾಗ ಬರುತ್ತದೆ, ನೌಕರಿಯ ಹೊತ್ತಿಗೆ ಎಲ್ಲಿ ತಗಲುತ್ತದೆ, ತಪ್ಪಾದರೆ ಎಷ್ಟು ಬೇಗ ಗೊತ್ತಾಗುತ್ತದೆ ಅನ್ನುವುದನ್ನು.

ಸ್ಕೋರಿಂಗ್: ಖರ್ಚು ಕಡಿಮೆ, ತಪ್ಪು ಕೂಡಲೇ ಬಯಲು

ಬಂಡವಾಳ ಅಂದರೆ ಒಂದು ಸ್ಕೋರ್‌ಬುಕ್, ಎರಡು ಬಣ್ಣದ ಪೆನ್ನು, ಒಂದು ಗಡಿಯಾರ. ರನ್ ಇಲ್ಲದ ಎಸೆತಕ್ಕೆ ಚುಕ್ಕೆ, ವೈಡ್‌ಗೆ ಕೂಡಿಸುವ ಗುರುತು, ನೋಬಾಲ್‌ಗೆ ಸುತ್ತು, ಬೈಗೆ (ಬ್ಯಾಟಿಗೂ ಮೈಗೂ ತಾಗದೆ ಬಂದ ರನ್ನಿಗೆ) ತ್ರಿಕೋನ, ಮೈಗೆ ತಾಗಿ ಬಂದ ಲೆಗ್‌ಬೈಗೆ ತಲೆಕೆಳಗಾದ ತ್ರಿಕೋನ. ಪ್ರತಿ ಎಸೆತವನ್ನೂ ಮೂರು ಕಡೆ ಬರೆಯಬೇಕು: ಬ್ಯಾಟರ್ ಸಾಲಿನಲ್ಲಿ, ಬೌಲರ್ ಮನೆಯಲ್ಲಿ, ಒಟ್ಟು ರನ್ನಿನ ಪಟ್ಟಿಯಲ್ಲಿ. ಓವರ್ ಮುಗಿದಾಗ ತಾಳೆ ನೋಡಲು ಎರಡು ಲೆಕ್ಕ ಸಾಕು. ಬ್ಯಾಟರ್‌ಗಳ ರನ್ನಿಗೆ ಇತರೆ ರನ್ ಎಲ್ಲ ಸೇರಿದರೆ ಒಟ್ಟು ಬರಬೇಕು. ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್‌ಬೈ, ಪೆನಾಲ್ಟಿ ಸೇರಿದರೂ ಅದೇ ಒಟ್ಟು ಬರಬೇಕು.

ಎರಡನೆಯ ಲೆಕ್ಕ ತಪ್ಪುವುದು ಬಹುಪಾಲು ಒಂದೇ ಜಾಗದಲ್ಲಿ. ನೋಬಾಲ್ ಬಿತ್ತು, ಬ್ಯಾಟಿಗೆ ತಾಗಲಿಲ್ಲ, ಕೀಪರ್ ಕೈ ತಪ್ಪಿ ಬೌಂಡರಿಗೆ ಹೋಯಿತು. ತಂಡಕ್ಕೆ 5 ರನ್. 2017ರಲ್ಲಿ ನಿಯಮಗಳು ಬದಲಾದ ಮೇಲೆ ಇದರಲ್ಲಿ 1 ನೋಬಾಲ್, 4 ಬೈ. ಬೌಲರ್ ಖಾತೆಗೆ ಹೋಗುವುದು 1 ಮಾತ್ರ. ಹಳೆಯ ರೂಢಿಯವರು ಐದನ್ನೂ ನೋಬಾಲ್ ಅಂತಲೇ ಬರೆದು ಬೌಲರ್ ತಲೆಗೆ ಕಟ್ಟುತ್ತಾರೆ. ಅದೇ ಚೆಂಡು ವೈಡ್ ಆಗಿ ಬೌಂಡರಿ ಮುಟ್ಟಿದ್ದರೆ ಐದೂ ವೈಡ್, ಐದೂ ಬೌಲರ್ ಖಾತೆಗೆ. ಈ ಎರಡರ ವ್ಯತ್ಯಾಸ ಬಾಯಿಪಾಠ ಇರುವವರನ್ನು ಮುಂದಿನ ಟೂರ್ನಿಗೆ ತಾವಾಗಿಯೇ ಕರೆಯುತ್ತಾರೆ.

ಈಗ ಊರ ಟೂರ್ನಿಗಳಲ್ಲೂ ಸ್ಕೋರ್ ಮೊಬೈಲ್ ಆ್ಯಪ್‌ಗೆ ಹೋಗುತ್ತದೆ. ಆ್ಯಪ್ ಕೂಡಿಸುತ್ತದೆ, ನಿಜ. ಆದರೆ ಸ್ಟ್ರೈಕ್‌ನಲ್ಲಿ ಯಾರಿದ್ದಾರೆ ಅಂತ ನೀವು ತಪ್ಪು ಒತ್ತಿದರೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ಕೂಡಿಸುತ್ತದೆ. ಕ್ಯಾಚ್ ಆದಾಗ, ರನ್‌ಔಟ್ ಆದಾಗ ಯಾವ ತುದಿಗೆ ಯಾರು ಅಂತ ಅಂಪೈರ್ ಕಡೆ ನೋಡಿ ಖಾತ್ರಿ ಮಾಡಿಕೊಂಡೇ ಮುಂದಿನ ಎಸೆತ ಒತ್ತಬೇಕು. ಏಪ್ರಿಲ್ ಬಿಸಿಲಿನಲ್ಲಿ ಫೋನ್ ಕಾದು ತಾನೇ ಆರುತ್ತದೆ. ಆದ್ದರಿಂದ ಕಾಗದದ ಪುಸ್ತಕ ಪಕ್ಕದಲ್ಲಿ ಇರಲೇಬೇಕು.

ಅಂಪೈರಿಂಗ್ ಇದರ ಮುಂದಿನ ಮೆಟ್ಟಿಲು. ನಿಯಮಗಳು 42. ಪರೀಕ್ಷೆ ನಡೆಸುವುದು ರಾಜ್ಯ ಕ್ರಿಕೆಟ್ ಸಂಸ್ಥೆ. ಈ ಭಾಗ ಅದರ ರಾಯಚೂರು ವಲಯಕ್ಕೆ ಸೇರುತ್ತದೆ, ವಿಚಾರಿಸಬೇಕಾದ್ದು ಅಲ್ಲೇ. ಓದುವಾಗ ಅಳತೆಗಳನ್ನು ಟೇಪ್ ಹಿಡಿದು ನೆಲದ ಮೇಲೆ ಒಮ್ಮೆ ಎಳೆದು ನೋಡಿ: ಪಿಚ್ 22 ಗಜ, ಅಂದರೆ 20.12 ಮೀಟರ್, ಮುಂದಿನ ಗೆರೆಯಾದ ಪಾಪಿಂಗ್ ಕ್ರೀಸ್ ಸ್ಟಂಪಿನಿಂದ 4 ಅಡಿ ಮುಂದೆ, ಪಕ್ಕದ ಗೆರೆಯಾದ ರಿಟರ್ನ್ ಕ್ರೀಸ್ ನಡು ಸ್ಟಂಪಿನಿಂದ ಅತ್ತ 4 ಅಡಿ 4 ಇಂಚು, ಇತ್ತಲೂ ಅಷ್ಟೇ. ಕೈಯಲ್ಲಿ ಸುಣ್ಣ ಹಿಡಿದು ಎಳೆದವರಿಗೆ ನೋಬಾಲ್ ಪ್ರಶ್ನೆ ಕಷ್ಟವಾಗುವುದಿಲ್ಲ.

ಕ್ರಿಕೆಟ್ ಒಂದನ್ನೇ ನೆಚ್ಚಿಕೊಂಡರೆ ಈ ದಾರಿ ಸಪೂರ. ಜಾತ್ರೆ, ಉರುಸು, ಗಣೇಶ ಹಬ್ಬ ಅಂದರೆ ನಮ್ಮ ಕಡೆ ಕಬಡ್ಡಿ. ಒಂದು ಪಂದ್ಯಕ್ಕೆ ರೆಫ್ರಿ ಒಬ್ಬರು, ಅಂಪೈರ್ ಇಬ್ಬರು, ಸ್ಕೋರರ್ ಒಬ್ಬರು, ಸಹಾಯಕ ಸ್ಕೋರರ್ ಇಬ್ಬರು ಬೇಕು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದ್ದು 12ಕ್ಕೆ 8. ಜಗಳ ಏಳುವುದು ಲಾಬಿಯ, ಅಂದರೆ ಅಂಕಣದ ಎರಡೂ ಬದಿಯ ಪಟ್ಟಿಯ ಹತ್ತಿರ. ರೈಡರ್‌ಗೂ ಹಿಡಿಯುವವರಿಗೂ ಮುಟ್ಟು ಆಗುವ ಮುಂಚೆ ಲಾಬಿಗೆ ಕಾಲಿಟ್ಟವರು ಔಟ್, ಮುಟ್ಟು ಆದ ಮೇಲೆ ಲಾಬಿಯೂ ಅಂಕಣವೇ. ಇದನ್ನು ಪಂದ್ಯ ಶುರುವಾಗುವ ಮುಂಚೆ ಎರಡೂ ನಾಯಕರನ್ನು ಕರೆದು, ಮೈಕಿನಲ್ಲೇ ಹೇಳಿಬಿಡಿ. ರಾತ್ರಿ ಹನ್ನೊಂದಕ್ಕೆ ಫೈನಲ್ ನಡೆಯುವಾಗ ಹೇಳಹೋದರೆ ಯಾರೂ ಕೇಳುವುದಿಲ್ಲ.

ಪಿಚ್: ಮಣ್ಣು ಕಾಲಡಿಯಲ್ಲೇ ಇದೆ, ಕೈ ಪಳಗಿದವರು ಕಡಿಮೆ

ಮೂರರಲ್ಲಿ ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಅನುಕೂಲ ಇರುವುದು ಇದರಲ್ಲಿ. ಟರ್ಫ್ ಪಿಚ್ಚಿಗೆ, ಅಂದರೆ ಮಣ್ಣು ಹುಲ್ಲಿನ ಪಿಚ್ಚಿಗೆ ಬೇಕಾದ್ದು ಜಿಗುಟು ಮಣ್ಣು. ಎರೆ (ಕಪ್ಪು ಮಣ್ಣಿನ) ಹೊಲ ಉತ್ತವರಿಗೆ ಆ ಮಣ್ಣಿನ ಗುಣ ಹೇಳಿಕೊಡಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಿಚ್ ಕೆಲಸ ಅಂದರೆ ಆ ಉಬ್ಬನ್ನೂ ಬಿರುಕನ್ನೂ ನಿಮ್ಮ ದಿನಕ್ಕೆ ಒಗ್ಗಿಸುವುದು.

ಮಣ್ಣು ತರಿಸುವ ಮುಂಚೆ ಬಾಟಲಿ ಪರೀಕ್ಷೆ ಮಾಡಿ. ಗಾಜಿನ ಸೀಸೆಯ ಮೂರನೇ ಒಂದು ಭಾಗ ಪುಡಿ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ಕೂರುವುದು ಮರಳು, ಒಂದೆರಡು ತಾಸಿನಲ್ಲಿ ಕೂರುವುದು ಹೂಳು, ಒಂದು ದಿನ ಕಳೆದರೂ ನಿಧಾನಕ್ಕೆ ಇಳಿಯುತ್ತಲೇ ಇರುವುದು ಜೇಡಿ. ಜೇಡಿ ಪದರ ಅರ್ಧದ ಹತ್ತಿರ ಇದ್ದರೆ ಕೆಲಸಕ್ಕೆ ಬರುತ್ತದೆ. ಮರಳೇ ಅರ್ಧ ಇದ್ದರೆ ಆ ಟ್ರ್ಯಾಕ್ಟರ್ ಮಣ್ಣು ವಾಪಸ್ ಕಳಿಸಿ.

ಅತಿ ಹೆಚ್ಚು ಪಿಚ್ ಹಾಳಾಗುವುದು ಮಣ್ಣು ಬೆರಕೆಯಿಂದ. ಕೆಳಗೆ ಎರೆ, ಮೇಲೆ ಎರಡು ಇಂಚು ಮಸಾರಿ ಕೆಂಪು ಮಣ್ಣು, ಮುಂದಿನ ವರ್ಷ ಮತ್ತೆ ಇನ್ನೊಂದು ಕೆರೆಯ ಮಣ್ಣು. ಒಂದೊಂದು ಪದರವೂ ಬೇರೆ ಬೇರೆ ಅಳತೆಯಲ್ಲಿ ಉಬ್ಬಿ ಕುಗ್ಗುತ್ತದೆ, ನಡುವೆ ಬಿಡುತ್ತದೆ, ಮೇಲ್ಪದರ ಹಪ್ಪಳದ ಹಾಗೆ ಏಳುತ್ತದೆ. ಚೆಂಡು ಪಾದದ ಮಟ್ಟದಲ್ಲೇ ಉಳಿಯುತ್ತದೆ. ರೋಲರ್ ಎಷ್ಟು ಹೊಡೆದರೂ ಇದು ಸರಿಹೋಗುವುದಿಲ್ಲ, ಪದರ ಅಗೆದು ತೆಗೆಯುವುದೊಂದೇ ದಾರಿ.

ಪಂದ್ಯಕ್ಕೆ 10ರಿಂದ 12 ದಿನ ಮುಂಚೆ ಹುಲ್ಲು ಕತ್ತರಿಸಿ, ಗುಡಿಸಿ, ನೀರು ಬಿಡಿ. ಮೂರು ನಾಲ್ಕು ಇಂಚು ಆಳಕ್ಕೆ ತೇವ ಇಳಿಯಬೇಕು. ಉದ್ದನೆಯ ಮೊಳೆ ಬೆರಳಲ್ಲಿ ಒತ್ತಿದಾಗ ಸಲೀಸಾಗಿ ಇಳಿದರೆ ಸಾಕು. ಆಮೇಲೆ ಕಾಯಬೇಕು, ಹೊಸಬರು ಸೋಲುವುದು ಇಲ್ಲೇ. ಹೆಬ್ಬೆರಳು ಒತ್ತಿದಾಗ ಗುರುತು ಮೂಡಬೇಕು, ಮಣ್ಣು ಮಾತ್ರ ಬೆರಳಿಗೆ ಅಂಟಬಾರದು. ಆ ಹದ ಬರುವ ಮುಂಚೆ ರೋಲರ್ ತಂದರೆ ಮಣ್ಣು ಅದಕ್ಕೆ ಮೆತ್ತಿಕೊಂಡು ಚಕ್ಕೆ ಚಕ್ಕೆ ಎದ್ದು ಬರುತ್ತದೆ. ಹದ ದಾಟಿದ ಮೇಲೆ ತಂದರೆ ರೋಲರ್ ಮೇಲಷ್ಟೇ ಉರುಳುತ್ತದೆ, ಒಳಗೆ ಏನೂ ಬಿಗಿಯಾಗುವುದಿಲ್ಲ. ಮೊದಲು ಹಗುರ ರೋಲರ್, ಎರಡು ಮೂರು ದಿನದ ಮೇಲೆ ಭಾರದ್ದು. ಒಂದು ಹೊತ್ತಿಗೆ 20ರಿಂದ 30 ನಿಮಿಷ, ತೀರಾ ನಿಧಾನ. ಮೊದಲ ದಿನಗಳಲ್ಲಿ ಅಡ್ಡಕ್ಕೂ ಉದ್ದಕ್ಕೂ, ಕೊನೆಗೆ ಉದ್ದಕ್ಕೆ ಮಾತ್ರ.

ಬಳ್ಳಾರಿಯ ಬಿಸಿಗಾಳಿಯ ಕಾಟ ಇನ್ನೊಂದು. ಮೇಲ್ಭಾಗ ಮಧ್ಯಾಹ್ನದೊಳಗೆ ಗರಿಗರಿ ಒಣಗುತ್ತದೆ, ಎರಡು ಇಂಚು ಕೆಳಗೆ ಇನ್ನೂ ಹಸಿ. ನೋಡಲು ಪಿಚ್ ಸಿದ್ಧ, ಹತ್ತು ಓವರ್ ಆದ ಮೇಲೆ ಪದರ ಒಡೆದು ಚೆಂಡು ಒಂದು ಎದೆಗೆ, ಒಂದು ಹಿಮ್ಮಡಿಗೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಹಸಿ ಗೋಣಿ ತಾಟು ಹೊದಿಸಿದರೆ ಒಣಗುವುದು ನಿಧಾನವಾಗಿ, ಒಂದೇ ಸಮ ಆಗುತ್ತದೆ. ಪ್ಲಾಸ್ಟಿಕ್ ಹೊದಿಸಬೇಡಿ, ಬಿಸಿಲಲ್ಲಿ ಅದರಡಿ ಹುಲ್ಲು ಬೆಂದುಹೋಗುತ್ತದೆ. ಹುಲ್ಲು ಅಂದರೆ ಬೇರೇನೂ ಅಲ್ಲ, ಗಣಪತಿಗೆ ಏರಿಸುವ ಗರಿಕೆಯೇ. ನರ್ಸರಿಯವರು ಬರ್ಮುಡಾ ಅಂತ ಹೆಸರು ಹೇಳಿದರೆ ಬೆಲೆ ಏರುತ್ತದೆ, ಅಷ್ಟೇ. ಅದರ ಬೇರು ಒಳಗಿನ ನೀರನ್ನು ಸಮನಾಗಿ ಎಳೆದು ತೆಗೆಯುತ್ತದೆ, ಬಿರಿದ ಹೆಂಟೆಗಳನ್ನು ಜಾರದಂತೆ ಹಿಡಿದಿಡುತ್ತದೆ. ಬಿರುಕಿಗೆ ಹೆದರಬೇಡಿ. ಹೆಂಟೆ ಅಲುಗಿದರೆ ಹೆದರಿ.

ಫಲಿತಾಂಶ ಅಳೆಯಲು ಹಳೆಯ ಉಪಾಯ ಒಂದಿದೆ. 16 ಅಡಿ ಎತ್ತರದಿಂದ ಹೊಸ ಚೆಂಡು ಬಿಡಿ. 30 ಇಂಚು ದಾಟಿ ಪುಟಿದರೆ ಒಳ್ಳೆ ವೇಗದ ಪಿಚ್, 15 ಇಂಚೂ ಏಳದಿದ್ದರೆ ಮಂದ.

ಹೊತ್ತಿನ ವಿಷಯದಲ್ಲಿ ಈ ಕೆಲಸ ಕಾರ್ಖಾನೆಯವರಿಗೆ ಹೊಂದುತ್ತದೆ. ನೀರು, ರೋಲರ್ ಎರಡೂ ಬೆಳಿಗ್ಗೆ ಐದರಿಂದ ಎಂಟರ ಒಳಗೆ ಮುಗಿಯುತ್ತವೆ, ಬಿ ಶಿಫ್ಟ್‌ನವರು, ಅಂದರೆ ಮಧ್ಯಾಹ್ನದ ಪಾಳಿಯವರು, ಆರಾಮಾಗಿ ಮಾಡಬಹುದು. ಕೈ ರೋಲರ್ ಎಳೆಯಲು ನಾಲ್ಕು ಜನ ಬೇಕು, ಅವರ ಕೂಲಿ ಯಾರದು ಅಂತ ಮೊದಲೇ ಮಾತಾಡಿ. ತೊಡಕು ಇರುವುದು ಗಿರಾಕಿಯಲ್ಲಿ: ಊರ ಮೈದಾನಗಳಲ್ಲಿ ಇನ್ನೂ ಸಿಮೆಂಟಿನ ಮೇಲೆ ಮ್ಯಾಟ್ ಹಾಸುವುದೇ ಹೆಚ್ಚು. ಟರ್ಫ್ ಇಟ್ಟುಕೊಂಡ ಕಾಲೇಜು, ಕ್ಲಬ್, ಕಂಪನಿ ಟೌನ್‌ಶಿಪ್ ಇದ್ದಷ್ಟೇ ಕೆಲಸ. ಆದರೆ ಒಮ್ಮೆ ಹಿಡಿದರೆ ತಿಂಗಳ ಗುತ್ತಿಗೆ, ಮಳೆಗಾಲದಲ್ಲೂ ನಿಲ್ಲುವುದಿಲ್ಲ.

ಕೋಚಿಂಗ್: ಬೇಸಿಗೆಯ ಹೊಳೆ

ಏಪ್ರಿಲ್, ಮೇ ತಿಂಗಳ ಶಿಬಿರಕ್ಕೆ ಮಕ್ಕಳು ತುಂಬಿ ತುಳುಕುತ್ತಾರೆ. ಒಬ್ಬರಿಗೆ ತಿಂಗಳಿಗೆ 800 ರೂಪಾಯಿ ಅಂತ ಹಿಡಿದರೆ 40 ಮಕ್ಕಳಿಗೆ 32,000. ಇದನ್ನು ನೋಡಿ ನೌಕರಿ ಬಿಟ್ಟವರು ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಹದಿನೈದು ಮಕ್ಕಳ ಮುಂದೆ ನಿಂತಿರುತ್ತಾರೆ. ಮಾರ್ಚ್‌ನಲ್ಲಿ ಪರೀಕ್ಷೆ ಬಂದಾಗ ಮತ್ತೆ ಇಳಿತ. ಮೈದಾನದ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಅಷ್ಟೇ.

ಎರಡನೆಯ ತಪ್ಪು ಸಾಲು ನಿಲ್ಲಿಸುವುದು. ಒಂದು ನೆಟ್, 20 ಮಕ್ಕಳು, ಒಂದು ತಾಸು: ತಲೆಗೆ 3 ನಿಮಿಷ, 15 ಸೆಕೆಂಡಿಗೊಂದು ಎಸೆತ ಅಂದರೂ 12 ಚೆಂಡು. ಉಳಿದ 57 ನಿಮಿಷ ಮಗು ಕಲ್ಲು ಎಣಿಸುತ್ತದೆ, ಅದನ್ನು ಕಾಂಪೌಂಡ್ ಆಚೆಯಿಂದ ತಾಯಿ ನೋಡುತ್ತಿರುತ್ತಾರೆ. ಐದೈದು ಮಕ್ಕಳ ನಾಲ್ಕು ಗುಂಪು ಮಾಡಿ: ನೆಟ್ ಒಂದು, ಕ್ಯಾಚ್ ಒಂದು, ಒಂದೇ ಸ್ಟಂಪಿಗೆ ಗುರಿಯಿಟ್ಟು ಎಸೆಯುವುದೊಂದು, ಟೆನಿಸ್ ಬಾಲ್ ಬ್ಯಾಟಿಂಗ್ ಒಂದು. 12 ನಿಮಿಷಕ್ಕೊಮ್ಮೆ ಸೀಟಿ, ಗುಂಪು ಬದಲು, ನೀರು. ಚಿಕ್ಕವರಿಗೆ ದೊಡ್ಡವರ ಚೆಂಡು ಕೊಡಬೇಡಿ. ದೊಡ್ಡವರದ್ದು 156ರಿಂದ 163 ಗ್ರಾಂ, ಕಿರಿಯರಿಗೆ ನಿಯಮದಲ್ಲೇ 133ರಿಂದ 144 ಗ್ರಾಮಿನ ಚೆಂಡು ಇದೆ. ಭಾರದ ಚೆಂಡು ಎಸೆದ ಮಗು ಭುಜ ಕೆಳಗಿಳಿಸಿ ಎಸೆಯಲು ಕಲಿಯುತ್ತದೆ, ಅದನ್ನು ಬಿಡಿಸಲು ಒಂದು ವರ್ಷ ಬೇಕು.

ಸರ್ಟಿಫಿಕೇಟ್ ಬೇಕೆನ್ನುವವರಿಗೆ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಪಟಿಯಾಲದ ಎನ್‌ಐಎಸ್ ಇದೆ. ಆರು ವಾರದ ಕೋರ್ಸ್ ಇದ್ದ ರಜೆಯಲ್ಲೇ ಮುಗಿಯುತ್ತದೆ, ಒಂದು ವರ್ಷದ ಡಿಪ್ಲೊಮಾಗೆ ನೌಕರಿ ಬಿಡಲೇಬೇಕು. ಖಾಸಗಿ ಶಾಲೆ ಆರು ವಾರದ್ದನ್ನು ಒಪ್ಪಬಹುದು, ದೊಡ್ಡ ತರಬೇತಿ ಕೇಂದ್ರಗಳು ಕೇಳುವುದು ಡಿಪ್ಲೊಮಾ. ಇನ್ನು ಸಂಜೆ ಐದರ ಕೋಚಿಂಗ್ ಮತ್ತು ಬಿ ಶಿಫ್ಟ್ ಎಣ್ಣೆ ಸೀಗೇಕಾಯಿ. ಮೂರು ವಾರಕ್ಕೊಮ್ಮೆ ಕೋಚ್ ನಾಪತ್ತೆಯಾದರೆ ಮಕ್ಕಳೂ ನಾಪತ್ತೆ.

ಹಾಗಾದರೆ ಯಾವುದು?

ಶಿಫ್ಟ್ ಕೆಲಸದವರಿಗೆ ಪಿಚ್. ಬ್ಯಾಂಕು, ಕಚೇರಿ, ಅಂಗಡಿ ಲೆಕ್ಕ ಬರೆಯುವವರಿಗೆ ಸ್ಕೋರಿಂಗ್, ಅಲ್ಲಿಂದ ಅಂಪೈರಿಂಗ್. ಸಂಜೆ ನಾಲ್ಕೂವರೆಗೆ ಬಿಡುವಾಗುವ ಶಾಲಾ ಸಿಬ್ಬಂದಿಗೆ ಕೋಚಿಂಗ್. ವಯಸ್ಸು ಇನ್ನೂ ಇದೆ, ಸರ್ಕಾರಿ ಹುದ್ದೆಯೇ ಬೇಕು ಅನ್ನುವವರಿಗೆ ಬಿ.ಪಿ.ಎಡ್, ಆದರೆ ಸೇರುವ ಮುಂಚೆ ಹಿಂದಿನ ನೇಮಕಾತಿ ಅಧಿಸೂಚನೆ ತೆಗೆದು ವಯೋಮಿತಿಗೆ ಎರಡು ವರ್ಷ ಸೇರಿಸಿ ನೋಡಿ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ವಿಧಿಯ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿಯ ಕೊನೆ ವಾರದಲ್ಲಿ ಓಡಾಡಿದರೆ ಕೈಗೆ ಬರುವುದಿಲ್ಲ.

ದುಡ್ಡಿನ ವಿಷಯ. ಸ್ಕೋರಿಂಗ್, ಅಂಪೈರಿಂಗ್ ಹಣ ಅಂದೇ ಕೈಗೆ ಬರಬೇಕು, ಫೈನಲ್ ಆದ ಮೇಲೆ ಕೊಡುತ್ತೇವೆ ಅಂದರೆ ಆ ಮಾತು ಬಹುಮಾನ ವಿತರಣೆಯ ಗದ್ದಲದಲ್ಲಿ ಕಳೆದುಹೋಗುತ್ತದೆ. ಊಟದ ವಿರಾಮದಲ್ಲೇ ಕೇಳಿ ತೆಗೆದುಕೊಳ್ಳಿ. ಪಿಚ್ಚಿನದ್ದು ತಿಂಗಳಿಗೆ, ಕಾಗದದ ಮೇಲೆ; ನೀರಿನ ಮೋಟರ್ ಕೆಟ್ಟರೆ ರಿಪೇರಿ ಯಾರದ್ದು ಅನ್ನುವ ಸಾಲು ಅದರಲ್ಲಿ ಇರಲಿ. ಕೋಚಿಂಗ್ ಫೀ ತಿಂಗಳ ಮೊದಲ ವಾರ ಮುಂಗಡ. ರಾಜೀನಾಮೆ ಬರೆಯುವುದಾದರೆ ಮೇ ತಿಂಗಳ ವಸೂಲಿ ನೋಡಿ ಬರೆಯಬೇಡಿ. ಜುಲೈನಲ್ಲಿ, ಮೈದಾನದಲ್ಲಿ ನೀರು ನಿಂತಿರುವಾಗ, ಆ ತಿಂಗಳ ಜಮಾ ಎಷ್ಟು ಅಂತ ಪುಸ್ತಕ ತೆಗೆದು ನೋಡಿ.