ಆಗುಂಬೆ ಘಾಟಿಯಲ್ಲಿ ಕೈಕೊಟ್ಟ ಬ್ರೇಕ್ ಹೋಸ್: ಹಳೇ ಕಾರಿನವರು ಒಮ್ಮೆ ಓದಿ

ನಮ್ಮದು 2010ರ ಪೆಟ್ರೋಲ್ ಕಾರು. ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಪಕ್ಕದಲ್ಲಿ ಹೆಂಡತಿ, ಹಿಂದೆ ಅಮ್ಮ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿದಿದ್ದೆವು. "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ" ಅಂದರು ಅಮ್ಮ. ಮುಂದಿದ್ದ ಮಿನಿ ಬಸ್ಸಿನದ್ದಿರಬೇಕು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಹತ್ತಿ ತುಳಿದ ಹಾಗೆ ಕೆಳಗಿಳಿಯಿತು.

ಎದೆ ಧಸಕ್ಕೆಂದಿತು. ಮೊದಲನೇ ಗೇರಿಗೆ ಹಾಕಿ, ಪೆಡಲನ್ನು ಮೂರ್ನಾಲ್ಕು ಸಲ ಪಂಪ್ ಮಾಡಿ, ಹ್ಯಾಂಡ್ ಬ್ರೇಕ್ ನಿಧಾನಕ್ಕೆ ಎಳೆಯುತ್ತಾ ಹೇಗೋ ಬದಿಗೆ ನಿಲ್ಲಿಸಿದೆ. ಮುಂದಿನ ಎಡ ಚಕ್ರದಿಂದ ಹೊಗೆ. ರಿಮ್ ಹತ್ತಿರ ಕೈ ಒಯ್ಯಲಿಕ್ಕೂ ಆಗುತ್ತಿರಲಿಲ್ಲ. ಹೆಂಡತಿ ನೀರಿನ ಬಾಟಲಿ ತಂದಳು, ಬೇಡ ಅಂದೆ. ಅಷ್ಟು ಕಾದ ಬ್ರೇಕ್ ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಗೆ) ತಣ್ಣೀರು ಹೊಯ್ದರೆ ಅದು ಸೊಟ್ಟಗಾಗಬಹುದು, ಸೀಳಲೂಬಹುದು.

ನಿಜ ಹೇಳಬೇಕಂದ್ರೆ ಕಾರು ನಾಲ್ಕು ತಿಂಗಳಿಂದ ಹೇಳುತ್ತಲೇ ಇತ್ತು. ಬ್ರೇಕ್ ಒತ್ತಿದ ತಕ್ಷಣ ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು, ಬಿಟ್ಟ ಮೇಲೆ ಎಡಕ್ಕೆ. ಊರಿನ ಗ್ಯಾರೇಜಿನಲ್ಲಿ ಮೊದಲು ಅಲೈನ್‌ಮೆಂಟ್ ಮಾಡಿದರು. ಆಮೇಲೆ ಡಿಸ್ಕನ್ನು ಹಿಡಿಯುವ ಬ್ರೇಕ್ ಪ್ಯಾಡ್ ಬದಲಿಸಿದರು. ಕೊನೆಗೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್ ಆಗಿದೆ ಅಂತ ಹೊಸದು ಹಾಕಿ ಕೂಲಿ ಸೇರಿ 5,200 ರೂಪಾಯಿ ತೆಗೆದುಕೊಂಡರು. ಕ್ಯಾಲಿಪರಿಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪು, ಅಂದರೆ ಹೋಸ್, ಅದರ ಕಡೆ ಯಾರೂ ನೋಡಲಿಲ್ಲ. ನೋಡಿದ್ದರೂ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು ಅನ್ನಿ.

ಕಾರನ್ನು ಟೋ ಮಾಡಿಸಿ ಹೆಬ್ರಿ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಹಿರಿಯರು ಜಾಕ್ ಕೊಟ್ಟು, ನನ್ನ ಕೈಲಿ ಬ್ರೇಕ್ ಒತ್ತಿಸಿ ಬಿಡಿಸಿದರು. ಚಕ್ರ ತಿರುಗಲಿಲ್ಲ. ಕಬ್ಬಿಣದ ಪೈಪು ಹೋಸಿಗೆ ಸೇರುವ ಮೇಲಿನ ನಟ್ಟನ್ನು ಸಡಿಲ ಮಾಡಿದರು. ಆಗಲೂ ತಿರುಗಲಿಲ್ಲ. ಆಮೇಲೆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ (ಗಾಳಿ ತೆಗೆಯುವ ಸಣ್ಣ ತಿರುಪು) ತೆರೆದರು. ಆಯಿಲ್ ಚಿರ್ ಅಂತ ಹಾರಿತು, ಚಕ್ರ ಸಲೀಸಾಗಿ ತಿರುಗಿತು.

"ಕ್ಯಾಲಿಪರಿಗೆ ಎಂತ ಆಗ್ಲಿಲ್ಲ ಸಾರ್, ರಬ್ಬರ್ ಪೈಪ್ ಹೋಗಿದೆ" ಅಂದರು.

ಲೆಕ್ಕ ಸರಳ. ಮೇಲಿನ ನಟ್ಟು ಬಿಚ್ಚಿದಾಗಲೇ ಚಕ್ರ ಬಿಟ್ಟಿದ್ದರೆ ತಪ್ಪು ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆಯದು. ನಿಪ್ಪಲ್ ತೆರೆದರೂ ಬಿಡದಿದ್ದರೆ ಕ್ಯಾಲಿಪರಿನ ಪಿಸ್ಟನ್ನೋ ಪಿನ್ನೋ ಹಿಡಿದಿದೆ. ಮೇಲೆ ಬಿಡದೆ ಕೆಳಗೆ ಬಿಟ್ಟರೆ ಕಳ್ಳ ಇರುವುದು ನಡುವಿನ ಹೋಸಿನಲ್ಲಿ. ಐದು ಸಾವಿರ ಕೊಡುವ ಮೊದಲು ಯಾರಾದರೂ ಹತ್ತು ನಿಮಿಷ ಈ ಪರೀಕ್ಷೆ ಮಾಡಬಹುದಿತ್ತು, ಅಲ್ವಾ?

ಅವರು ಹಳೇ ಹೋಸನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರು. ಹೊರಗಿನ ರಬ್ಬರ್ ಕಪ್ಪಗೆ, ನುಣ್ಣಗೆ ಇತ್ತು. ನಡುವಿನ ನೂಲಿನ ಹೆಣಿಗೆಯೂ ಸರಿ ಇತ್ತು. ಒಳಗಿನ ರಬ್ಬರ್ ಮಾತ್ರ ಊದಿ, ಒಂದು ಕಡೆ ಸಿಪ್ಪೆಯ ಹಾಗೆ ಎದ್ದಿತ್ತು. ಕಾಲಿನ ಬಲಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ, ವಾಪಸ್ ಬರುವಾಗ ಆ ಸಿಪ್ಪೆ ಬಾಗಿಲು ಹಾಕುತ್ತದೆ. ಇನ್ನೊಂದು ತುಂಡನ್ನು ಬಾಯಿಗಿಟ್ಟು ಊದಲು ಹೊರಟ ನನ್ನನ್ನು ತಡೆದರು: "ಬ್ರೇಕ್ ಆಯಿಲ್ ವಿಷ ಮಾರಾಯ್ರೆ!"

ಹೀಗೆ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಉಜ್ಜಿ, ಆ ಬಿಸಿಗೆ ಆಯಿಲ್ ಕುದಿದು ಆವಿಯಾಗಿತ್ತು. ಪೆಡಲ್ ಇಳಿದದ್ದು ಅದಕ್ಕೇ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿದಿರುತ್ತದೆ. ನಾನು ಆಯಿಲ್ ಬದಲಿಸಿ ಐದು ವರ್ಷ ದಾಟಿತ್ತು. ಅದೂ ಆಗುಂಬೆ ಸೀಮೆಯ ಮಳೆಯಲ್ಲಿ!

ಹೋಸ್ ಹಾಳಾದದ್ದು ವಯಸ್ಸಿಗೇ ಇರಬಹುದು. ಆದರೆ ಊರಿನ ಗ್ಯಾರೇಜಿನಲ್ಲಿ ಪ್ಯಾಡ್ ಬದಲಿಸುವಾಗ ಕ್ಯಾಲಿಪರ್ ಬಿಚ್ಚಿ, ಬಾವಿಯ ಕೊಡದ ಹಾಗೆ ಹೋಸಿಗೇ ನೇತುಬಿಟ್ಟಿದ್ದನ್ನು ನಾನು ಚಹಾ ಕುಡಿಯುತ್ತಾ ನೋಡಿದ್ದೆ. ಆ ಭಾರಕ್ಕೆ ಒಳಪದರ ಇನ್ನಷ್ಟು ಹರಿಯಬಹುದು. ನಿಮ್ಮ ಎದುರಿಗೆ ಯಾರಾದರೂ ಹಾಗೆ ಮಾಡಿದರೆ ಸುಮ್ನೆ ಕೂರಬೇಡಿ, ತಂತಿಯಲ್ಲಿ ಕಟ್ಟಿಸಿ.

ಮುಂದಿನ ಎರಡೂ ಹೋಸ್ ಬದಲಿಸಿದೆವು, ಎರಡಕ್ಕೂ ಸೇರಿ 1,100 ರೂಪಾಯಿ. ಒಂದೇ ಕಡೆ ಹಾಕಿಸಬೇಡಿ, ಇನ್ನೊಂದಕ್ಕೂ ಅಷ್ಟೇ ವಯಸ್ಸು. ಹೋಸನ್ನು ಕ್ಯಾಲಿಪರಿಗೆ ಸೇರಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಹೊಸದೇ ಇರಲಿ, ಹಳೆಯದು ಸೋರುತ್ತದೆ. ಮೇಲಿನ ನಟ್ಟಿಗೆ ಅದನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ಸಾದಾ ಸ್ಪ್ಯಾನರಿಗೆ ಅದರ ಮೂಲೆ ಸವೆದರೆ ಕಬ್ಬಿಣದ ಪೈಪೂ ಕೈಬಿಡುತ್ತದೆ. ಆಮೇಲೆ ಪೈಪಿನೊಳಗೆ ಸೇರಿದ ಏರ್ ತೆಗೆಸಲೇಬೇಕು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಕಾರುಗಳಿಗೆ ಸ್ಕ್ಯಾನರ್ ಕೂಡ ಬೇಕಾಗುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡು ಊರಿಗೆ ಹೊರಡುವಾಗ ಆ ಹಿರಿಯರು ನಿಲ್ಲಿಸಿದರು. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿ ಟಾರ್ಚ್ ಹಿಡಿದು ಬಗ್ಗಿದರು. ಬಲಗಡೆಯ ಹೋಸಿನ ಮೇಲಿದ್ದ ಬಿಳಿ ಗೆರೆ ಹಗ್ಗದ ಹುರಿಯಂತೆ ಸುತ್ತಿಕೊಂಡಿತ್ತು, ಹೋಸ್ ಟೈರಿಗೆ ತಾಗುತ್ತಿತ್ತು. ಹಾಕಿದ್ದು ಅವರದೇ ಹುಡುಗ. ಬೈದು, ಬಿಚ್ಚಿಸಿ, ಗೆರೆ ನೇರ ಬರುವ ಹಾಗೆ ಮತ್ತೆ ಕೂರಿಸಿದರು. ಇನ್ನೊಮ್ಮೆ ಏರ್ ತೆಗೆದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.